ಬಡಾವಣೆಯ ಸರ್ಕಾರಿ ಶಾಲೆಗಳನ್ನು ಹೋಲಿಸಿ ನೋಡುವುದು ಹೇಗೆ

ಬೆಂಗಳೂರಿನಲ್ಲಿ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಲು ಮನಸ್ಸು ಮಾಡಿದ ತಂದೆತಾಯಿಯರಿಗೆ ನೆಂಟರಿಷ್ಟರಿಂದ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಮನೆಗೆ ಹತ್ತಿರ ಯಾವುದಿದೆಯೋ ಅದಕ್ಕೆ ಹಾಕಿಬಿಡಿ, ಸರ್ಕಾರಿ ಶಾಲೆ ಎಂದ ಮೇಲೆ ಎಲ್ಲವೂ ಒಂದೇ. ಈ ಮಾತು ನಿಜವಲ್ಲ. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದಂಥ ಕಡೆ ಅರ್ಧ ಗಂಟೆಯ ನಡಿಗೆಯೊಳಗೆ ಎರಡು ಮೂರು ಸರ್ಕಾರಿ ಶಾಲೆಗಳು ಸಿಗುತ್ತವೆ, ಮತ್ತು ಒಂದೇ ಇಲಾಖೆಯ ಒಂದೇ ಪಠ್ಯಪುಸ್ತಕ, ಒಂದೇ ಸಮವಸ್ತ್ರ ಇದ್ದರೂ ಒಳಗೆ ನಡೆಯುವ ಕಲಿಕೆ ಒಂದರಿಂದ ಇನ್ನೊಂದಕ್ಕೆ ಅಜಗಜಾಂತರವಾಗಿರುತ್ತದೆ. ಮೂರು ವರ್ಷ ಇಂಥದೊಂದು ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಪೋಷಕ ಸದಸ್ಯನಾಗಿದ್ದ ಅನುಭವದಿಂದ ಈ ಬರಹವನ್ನು ಬರೆಯುತ್ತಿದ್ದೇನೆ.

ಹೋಲಿಸಿ ನೋಡುವ ಅಗತ್ಯ ಈಗ ಮೊದಲಿಗಿಂತ ಹೆಚ್ಚಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಾಗಿದ್ದ ಶೇ 25ರಷ್ಟು ಸೀಟುಗಳಿಗೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, 2019-20ನೆಯ ಸಾಲಿನಿಂದ ಕರ್ನಾಟಕದಲ್ಲಿ ಪ್ರವೇಶ ದೊರೆಯುವುದಿಲ್ಲ. ನಗರದಲ್ಲಿ ಹತ್ತಿರದಲ್ಲಿ ಸರ್ಕಾರಿ ಶಾಲೆ ಇಲ್ಲದ ಬಡಾವಣೆ ವಿರಳವಾದ್ದರಿಂದ, ದುಬಾರಿ ಶುಲ್ಕ ಕಟ್ಟಲಾಗದ ಕುಟುಂಬಕ್ಕೆ ಉಳಿದಿರುವ ಆಯ್ಕೆ ಬಹುಮಟ್ಟಿಗೆ ಈ ಶಾಲೆಗಳ ನಡುವೆಯೇ ಆಗಿದೆ.

ಮೊದಲು ಶಾಲೆಯ ಜಾತಕ

ಶಾಲೆಯ ಫಲಕವನ್ನು ಸಾವಧಾನವಾಗಿ ಓದಿದರೆ ಅರ್ಧ ವಿಷಯ ತಿಳಿಯುತ್ತದೆ. ‘ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ’ ಎಂದಿದ್ದರೆ ಅಲ್ಲಿ 1ರಿಂದ 5ನೆಯ ತರಗತಿ ಮಾತ್ರ. ‘ಹಿರಿಯ ಪ್ರಾಥಮಿಕ’ ಎಂದಿದ್ದರೆ 7ರವರೆಗೆ, ಕೆಲವು ಕಡೆ 8ರವರೆಗೆ. ‘ಪ್ರೌಢಶಾಲೆ’ ಎಂದರೆ 8ರಿಂದ 10. ‘ಕರ್ನಾಟಕ ಪಬ್ಲಿಕ್ ಶಾಲೆ’, ಜನರ ಬಾಯಲ್ಲಿ ಕೆಪಿಎಸ್, ಎಂದರೆ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆಡಳಿತದಡಿ ನಡೆಯುವ ಶಾಲೆ. ಇವುಗಳ ಜೊತೆಗೆ ಹಿಂದೆ ಬಿಬಿಎಂಪಿ ನಡೆಸುತ್ತಿದ್ದ, 2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದ ಮೇಲೆ ಆಯಾ ಪಾಲಿಕೆಯ ಸುಪರ್ದಿಗೆ ಸೇರುವ ಶಾಲೆಗಳಿವೆ. ಆಡಳಿತ ಖಾಸಗಿಯದಾಗಿದ್ದು ಶಿಕ್ಷಕರ ಸಂಬಳ ಮಾತ್ರ ಸರ್ಕಾರದ್ದಾದ ಅನುದಾನಿತ ಶಾಲೆಗಳಿವೆ. ಉರ್ದು, ತಮಿಳು ಮಾಧ್ಯಮದ ಶಾಲೆಗಳೂ ಇವೆ.

ಒಡೆತನ ಯಾರದ್ದು ಎಂಬುದು ಬರೀ ಕಾಗದದ ವಿಷಯವಲ್ಲ. ಇಲಾಖೆಯ ಶಾಲೆಯಲ್ಲಿ ಶಿಕ್ಷಕರಿಲ್ಲವೆಂದರೆ ನೀವು ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಕಚೇರಿಯ ಮೆಟ್ಟಿಲು ಹತ್ತಬೇಕು. ಪಾಲಿಕೆ ಶಾಲೆಯಾದರೆ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಹೋಗಬೇಕು. ಪಾಲಿಕೆ ಶಾಲೆಗಳಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವ ಶಿಕ್ಷಕರ ಪ್ರಮಾಣ ಹೆಚ್ಚು. ಹಾಗೆಂದ ಮಾತ್ರಕ್ಕೆ ಅವರು ಚೆನ್ನಾಗಿ ಕಲಿಸುವುದಿಲ್ಲವೆಂದು ಅರ್ಥವಲ್ಲ, ಆದರೆ ಮುಂದಿನ ಜೂನ್‌ಗೆ ಅವರೇ ಇರುತ್ತಾರೆಯೇ ಎಂದು ಕೇಳಿಕೊಳ್ಳುವುದು ಜಾಣತನ.

ಇದಾದ ಮೇಲೆ ಶಾಲೆಯ ಯುಡೈಸ್ ಸಂಖ್ಯೆಯನ್ನು, ಅಂದರೆ ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆಯನ್ನು, ಬರೆದುಕೊಳ್ಳಿ. ಇದು 11 ಅಂಕಿಗಳದ್ದು, ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ, ಮತ್ತು ಸಾಮಾನ್ಯವಾಗಿ ಫಲಕದ ಮೂಲೆಯಲ್ಲೋ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯಲ್ಲೋ ಬರೆದಿರುತ್ತಾರೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಈ ಸಂಖ್ಯೆ ಕೊಟ್ಟರೆ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ ಇತ್ಯಾದಿ ವಿವರಗಳು ದೊರೆಯುತ್ತವೆ. ಎರಡು ಎಚ್ಚರಿಕೆಗಳಿವೆ. ಈ ವಿವರಗಳನ್ನು ತುಂಬುವವರು ಆಯಾ ಶಾಲೆಯವರೇ. ‘ಗ್ರಂಥಾಲಯ ಇದೆ’ ಎಂದರೆ ಬೀಗ ಹಾಕಿದ ಒಂದು ಬೀರುವೂ ಇರಬಹುದು. ಇನ್ನೊಂದು, ಅಲ್ಲಿ ಕಾಣುವುದು ಬಹುತೇಕ ಹಿಂದಿನ ಶೈಕ್ಷಣಿಕ ವರ್ಷದ ಚಿತ್ರ. ಆದ್ದರಿಂದ ಈ ಹಾಳೆಯನ್ನು ತೀರ್ಪು ಎಂದುಕೊಳ್ಳದೆ, ಶಾಲೆಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಎಂದುಕೊಳ್ಳುವುದು ಒಳ್ಳೆಯದು. ಜಾತಕ ನೋಡಿದ ಮೇಲೆ ಹುಡುಗನನ್ನೂ ನೋಡಬೇಕಲ್ಲವೇ?

ನಾನು ತಪ್ಪಿದ್ದು ಎಲ್ಲಿ

ನನ್ನ ಹಿರಿಯ ಮಗಳನ್ನು ಸೇರಿಸುವಾಗ ಎರಡು ಶಾಲೆಗಳನ್ನು ನೋಡಿದ್ದೆ. ಒಂದರ ಕೊಠಡಿಗಳಿಗೆ ಕಂಪನಿಯೊಂದರ ನೆರವಿನಿಂದ ರೈಲು ಬೋಗಿಯಂತೆ ಬಣ್ಣ ಬಳಿದಿದ್ದರು. ಬಾಗಿಲೆಲ್ಲ ಬೋಗಿಯ ಬಾಗಿಲು, ಕಿಟಕಿಯೆಲ್ಲ ರೈಲಿನ ಕಿಟಕಿ. ಹೊಸ ಬೆಂಚು, ಫ್ಯಾನು, ಗೋಡೆಯ ಮೇಲೆ ದೊಡ್ಡ ಟೀವಿ. ಇನ್ನೊಂದು ಹಂಚಿನ ಕಟ್ಟಡ, ನೆಲದ ಮೇಲೆ ಜಮಖಾನ. ನಾನು ರೈಲನ್ನು ಆರಿಸಿದೆ. ಆ ವರ್ಷದ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನಾಲ್ವರು ಶಿಕ್ಷಕರ ಪೈಕಿ ಇಬ್ಬರು ಹೊರಟುಹೋದರು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ದಸರಾ ರಜೆ ಹತ್ತಿರ ಬಂದಿತ್ತು, ಅಲ್ಲಿಯವರೆಗೆ ಮಕ್ಕಳು ಆ ಚಂದದ ಬೋಗಿಯೊಳಗೆ ಕೂತು ಪಾಠ ನಕಲು ಮಾಡಿದರು. ಹಂಚಿನ ಕಟ್ಟಡದ ಶಾಲೆಯಲ್ಲಿ ಹತ್ತು ವರ್ಷದಿಂದ ಅಲ್ಲೇ ಇದ್ದ ಇಬ್ಬರು ಮೇಡಂಗಳು ಇದ್ದರೆಂಬುದು ನನಗೆ ತಿಳಿದದ್ದು ಆಮೇಲೆ.

ಬಣ್ಣ ಬೇಡವೆಂದು ನಾನು ಹೇಳುವುದಿಲ್ಲ, ಸೋರುವ ಕೊಠಡಿಯಲ್ಲಿ ಯಾವ ಮಗುವೂ ಕಲಿಯಲಾರದು. ಆದರೆ ಕಟ್ಟಡ ಒಂದು ಕನಿಷ್ಠ ಮಟ್ಟವನ್ನು ಮುಟ್ಟಿದ ಮೇಲೆ, ಎರಡು ಶಾಲೆಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ನಿಮ್ಮ ಮಗು ಕೂರುವ ತರಗತಿಗೆ ದಿನವೂ ಬರುವ ಶಿಕ್ಷಕರು ಯಾರು, ಅವರು ಮಕ್ಕಳ ಬರಹವನ್ನು ನೋಡುತ್ತಾರೆಯೇ ಎಂಬಲ್ಲಿ. ಉಳಿದ ಹೋಲಿಕೆಗಳೆಲ್ಲ ಇದರ ನಂತರದವು.

ಶಿಕ್ಷಕರ ಲೆಕ್ಕ

ಎಲ್ಲರೂ ಮೊದಲು ಕೇಳುವುದು ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂದು. ಕಾಯ್ದೆಯ ಪ್ರಕಾರ 1ರಿಂದ 5ನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬರು ಇರಬೇಕು. ಕೇಳಬೇಕಾದ ಪ್ರಶ್ನೆಯೇ ಸರಿ, ಆದರೆ ಈ ಒಂದು ಅಂಕಿಯನ್ನು ನೆಚ್ಚಿಕೊಂಡರೆ ಮೋಸಹೋಗುತ್ತೀರಿ.

ಒಂದು ಲೆಕ್ಕ ತೆಗೆದುಕೊಳ್ಳೋಣ. ಮೊದಲನೆಯ ಶಾಲೆಯಲ್ಲಿ 1ರಿಂದ 5ರವರೆಗೆ ಒಟ್ಟು 58 ಮಕ್ಕಳು, ಇಬ್ಬರು ಶಿಕ್ಷಕರು. ಒಬ್ಬರಿಗೆ 29 ಮಕ್ಕಳು. ಎರಡನೆಯ ಶಾಲೆಯಲ್ಲಿ 1ರಿಂದ 7ರವರೆಗೆ 212 ಮಕ್ಕಳು, ಆರು ಶಿಕ್ಷಕರು. ಒಬ್ಬರಿಗೆ 35ಕ್ಕಿಂತ ತುಸು ಹೆಚ್ಚು. ಕಾಗದದ ಮೇಲೆ ಮೊದಲನೆಯದೇ ವಾಸಿ. ಆದರೆ ಅಲ್ಲಿ ಇಬ್ಬರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರೂ ಆಗಿರುತ್ತಾರೆ. ಬಿಇಒ ಕಚೇರಿಯ ಸಭೆ, ತರಬೇತಿ, ಬ್ಯಾಂಕು, ಬಿಸಿಯೂಟದ ಲೆಕ್ಕ, ಚುನಾವಣೆಯ ಕಾಲದಲ್ಲಿ ಮತಗಟ್ಟೆಯ ಕೆಲಸ ಎಂದು ಅವರು ಹೊರಗೆ ಹೋದ ದಿನ 58 ಮಕ್ಕಳೂ ಐದು ತರಗತಿಗಳೂ ಒಬ್ಬರ ತಲೆಯ ಮೇಲೆ. ಆ ಒಬ್ಬರು ರಜೆ ಹಾಕಿದರೆ ಪಕ್ಕದ ಶಾಲೆಯಿಂದ ಯಾರನ್ನಾದರೂ ಕಳಿಸಬೇಕು. ಎರಡನೆಯ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೂ ಐವರು ಉಳಿಯುತ್ತಾರೆ. ಆದುದರಿಂದ ಸರಾಸರಿಯನ್ನು ಬಿಟ್ಟು, ಎಷ್ಟು ತರಗತಿಗಳಿಗೆ ಎಷ್ಟು ಶಿಕ್ಷಕರು ಎಂದು ಕೇಳಿ.

ಇಲ್ಲೊಂದು ಮುಖ್ಯ ವಿನಾಯಿತಿ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 1, 2 ಮತ್ತು 3ನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಸೇರಿ ರೂಪಿಸಿದ ಪದ್ಧತಿ ಇದು. ಹಾಡು, ಕಾರ್ಡು, ಗುಂಪುಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುವಂತೆ ಇದನ್ನು ಹೆಣೆದಿದ್ದಾರೆ. ಆದ್ದರಿಂದ ಮೂರು ತರಗತಿಗಳಿಗೆ ಒಬ್ಬರೇ ಮೇಡಂ ಇರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆ ಪದ್ಧತಿ ಇರುವುದೇ ಹಾಗೆ. ಗಾಬರಿಯಾಗಬೇಕಾದದ್ದು 4 ಮತ್ತು 5ನೆಯ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ, ಒಂದಕ್ಕೆ ಪಾಠ ಮಾಡುವಾಗ ಇನ್ನೊಂದಕ್ಕೆ ‘ಬರೆದುಕೊಳ್ಳಿ’ ಎನ್ನುವಾಗ.

ನಲಿ-ಕಲಿ ಕೊಠಡಿ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಗೋಡೆಯ ಮೇಲೆ ಹವಾಮಾನ ನಕ್ಷೆ ಇರುತ್ತದೆ, ಅಂದು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ಪ್ರತಿದಿನ ಗುರುತು ಮಾಡಬೇಕು. ನೀವು ಹೋದ ದಿನದವರೆಗೂ ಗುರುತು ಬಿದ್ದಿದೆಯೋ, ಅಥವಾ ಹೋದ ತಿಂಗಳ ಮೋಡವೇ ಇನ್ನೂ ಅಲ್ಲಿ ನಿಂತಿದೆಯೋ ನೋಡಿ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ತೂಗುವ ಚಿತ್ರಗಳು ಮಕ್ಕಳು ಬರೆದವೋ ಅಂಗಡಿಯಿಂದ ತಂದವೋ ಗಮನಿಸಿ. ಮಗುವಿನ ಹೆಸರೂ ಸೊಟ್ಟ ಗೆರೆಗಳೂ ಇರುವ ಚಿತ್ರ ನಾಲ್ಕು ಕಂಡರೂ ಸಾಕು.

ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಸಾಮಾನ್ಯವಾಗಿ ಮಂಜೂರಾದ ಹುದ್ದೆ, ಕೆಲಸದಲ್ಲಿರುವವರು, ಖಾಲಿ ಎಂದು ಮೂರು ಕಲಮಿನ ಫಲಕ ಇರುತ್ತದೆ. ಅದರ ಪಕ್ಕದಲ್ಲೇ ತರಗತಿವಾರು ಗಂಡು, ಹೆಣ್ಣು, ಒಟ್ಟು ಎಂದು ಸೀಮೆಸುಣ್ಣದಲ್ಲಿ ಬರೆದ ಮಕ್ಕಳ ಸಂಖ್ಯೆ. ಈ ಎರಡು ಫಲಕಗಳ ಮುಂದೆ ಐದು ನಿಮಿಷ ನಿಂತು ಓದಿ. ಕೆಲಸದಲ್ಲಿರುವವರ ಪೈಕಿ ಬೇರೆ ಕಡೆಗೆ ನಿಯೋಜನೆಯ ಮೇಲೆ ಹೋದವರು ಎಷ್ಟು, ನಿಯೋಜನೆಯ ಮೇಲೆ ಇಲ್ಲಿಗೆ ಬಂದವರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ಮರ್ಯಾದೆಯಿಂದ ಕೇಳಿ. 6, 7ನೆಯ ತರಗತಿ ಇರುವ ಶಾಲೆಯಾದರೆ ಗಣಿತ-ವಿಜ್ಞಾನಕ್ಕೆ ಮತ್ತು ಇಂಗ್ಲಿಷಿಗೆ ಪ್ರತ್ಯೇಕ ಶಿಕ್ಷಕರಿದ್ದಾರೆಯೇ ಎಂಬುದನ್ನು ಮರೆಯದೆ ಕೇಳಬೇಕು. ಅತಿಥಿ ಶಿಕ್ಷಕರ ನೇಮಕ ಶಾಲೆ ಶುರುವಾದ ಮೇಲೆ ನಡೆಯುವುದರಿಂದ, ಮೇ ಕೊನೆಯಲ್ಲಿ ಕಾಣುವ ಕೊರತೆಯಲ್ಲಿ ಒಂದಿಷ್ಟು ಆಮೇಲೆ ತುಂಬಿಕೊಳ್ಳುತ್ತದೆ ಎಂಬುದೂ ನಿಮ್ಮ ಲೆಕ್ಕದಲ್ಲಿರಲಿ.

ಭೇಟಿಯ ದಿನ

ಹೆಚ್ಚಿನವರು ಶಾಲೆ ನೋಡಲು ಹೋಗುವುದು ದಾಖಲಾತಿಯ ಗದ್ದಲದಲ್ಲಿ. ಆಗ ಕಾಣುವುದು ತೋರಣ ಮತ್ತು ಸ್ವಾಗತ. ಸಾಧ್ಯವಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ, ಪ್ರತಿಭಾ ಕಾರಂಜಿಯೋ ಕ್ರೀಡಾಕೂಟವೋ ಇಲ್ಲದ ಒಂದು ಸಾಧಾರಣ ಮಂಗಳವಾರವೋ ಬುಧವಾರವೋ ಹೋಗಿ. ಮುಂಚಿತವಾಗಿ ಮುಖ್ಯ ಶಿಕ್ಷಕರ ಅನುಮತಿ ಕೇಳಿ. ಪರೀಕ್ಷಿಸಲು ಬಂದವರ ಗತ್ತು ಬೇಡ, ‘ಮೇಡಂ, ಮುಂದಿನ ವರ್ಷ ಮಗುವನ್ನು ಸೇರಿಸಬೇಕೆಂದಿದ್ದೇವೆ, ಒಂದು ಸಲ ನೋಡಬಹುದೇ’ ಎಂದರೆ ಬೇಡವೆನ್ನುವವರು ಕಡಿಮೆ. ಬೇಡವೆಂದೇ ಹೇಳಿದರೆ ಅದೂ ಒಂದು ಮಾಹಿತಿ.

ಪ್ರಾರ್ಥನೆಯ ಹೊತ್ತಿಗೇ ಹೋದರೆ ಬಹಳ ಸಂಗತಿಗಳು ತಾವಾಗಿಯೇ ಕಾಣುತ್ತವೆ: ಎಷ್ಟು ಶಿಕ್ಷಕರು ಬಂದಿದ್ದಾರೆ, ತಡವಾಗಿ ಬಂದ ಮಗುವಿನೊಡನೆ ಹೇಗೆ ಮಾತಾಡುತ್ತಾರೆ, ಗಂಟೆ ಹೊಡೆದು ಎಷ್ಟು ಹೊತ್ತಿಗೆ ಮೊದಲ ಪಾಠ ಶುರುವಾಗುತ್ತದೆ. ಗಂಟೆಗೂ ಪಾಠಕ್ಕೂ ನಡುವೆ ಮುಕ್ಕಾಲು ಗಂಟೆ ಸೋರಿಹೋಗುವ ಶಾಲೆಗಳಿವೆ. ಕಾಯ್ದೆ 1ರಿಂದ 5ರವರೆಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ ಎನ್ನುತ್ತದೆ. ದಿನಕ್ಕೆ ಮುಕ್ಕಾಲು ಗಂಟೆಯಂತೆ 200 ದಿನ ಸೋರಿದರೆ 150 ಗಂಟೆ ಹೋಯಿತು.

ಆಮೇಲೆ ನೋಟ್‌ಪುಸ್ತಕ. ಈ ಬರಹದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: 3 ಅಥವಾ 4ನೆಯ ತರಗತಿಯ ಮೂವರು ಮಕ್ಕಳ ಕನ್ನಡ ಮತ್ತು ಗಣಿತದ ನೋಟ್‌ಪುಸ್ತಕಗಳನ್ನು ತೆಗೆದು ನೋಡಿ. ಶಿಕ್ಷಕರು ತೋರಿಸುವ ಪುಸ್ತಕ ಬೇಡ, ಅದು ತರಗತಿಯ ಜಾಣೆಯದಾಗಿರುತ್ತದೆ. ಕೊನೆಯ ಸಾಲಿನಲ್ಲಿ ಕೂತವರದ್ದನ್ನು ಕೇಳಿ. ತಾರೀಖುಗಳನ್ನು ನೋಡಿ, ವಾರಕ್ಕೆ ಎಷ್ಟು ದಿನ ಬರೆದಿದ್ದಾರೆ ಎಂದು ತಿಳಿಯುತ್ತದೆ. ಕೆಂಪು ಶಾಯಿಯ ಗುರುತು ಎಲ್ಲೆಲ್ಲಿ ಬಿದ್ದಿದೆ ನೋಡಿ. ಒಂದು ಶಾಲೆಯಲ್ಲಿ ‘ಹುಣಿಮೆ’, ‘ಅಜಿ’, ‘ಹಕಿ’ ಎಂದು ಒತ್ತಕ್ಷರವೇ ಇಲ್ಲದೆ ಪುಟ ತುಂಬ ಬರೆದ ಪುಸ್ತಕಕ್ಕೆ ಅಡಿಯಲ್ಲಿ ದೊಡ್ಡದೊಂದು ಸರಿ ಗುರುತು, ಸಹಿ, ತಾರೀಖು ಬಿದ್ದಿದ್ದನ್ನು ಕಂಡಿದ್ದೇನೆ. ಇನ್ನೊಂದು ಶಾಲೆಯಲ್ಲಿ ಅಷ್ಟೇ ತಪ್ಪಿದ್ದ ಪುಟದಲ್ಲಿ ಪ್ರತಿ ಪದದ ಪಕ್ಕ ‘ಹುಣ್ಣಿಮೆ’, ‘ಅಜ್ಜಿ’, ‘ಹಕ್ಕಿ’ ಎಂದು ತಿದ್ದಿ, ಕೆಳಗೆ ಮಗು ಅವನ್ನು ಮೂರು ಮೂರು ಸಲ ಬರೆದಿತ್ತು. ಎರಡೂ ಶಾಲೆಗಳ ಮಕ್ಕಳು ಒಂದೇ ಬಗೆಯ ಮನೆಗಳಿಂದ ಬಂದವರು. ಇಂಥ ವ್ಯತ್ಯಾಸ ಯಾವ ಜಾಲತಾಣದಲ್ಲೂ ಸಿಗುವುದಿಲ್ಲ.

ಮುಖ್ಯ ಶಿಕ್ಷಕರು ಒಪ್ಪಿದರೆ 4ನೆಯ ತರಗತಿಯ ಒಂದಿಬ್ಬರು ಮಕ್ಕಳಿಂದ 2ನೆಯ ತರಗತಿಯ ಕನ್ನಡ ಪುಸ್ತಕದ ಒಂದು ಪುಟವನ್ನು ಓದಿಸಿ, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕವನ್ನು, 52ರಲ್ಲಿ 27 ಕಳೆಯುವಂಥದ್ದನ್ನು, ಮಾಡಿಸಿ. ಅವರನ್ನು ಅಳೆಯುವ ಭಾವ ಬಾರದಂತೆ, ನಗುನಗುತ್ತ. ಪಾಠದ ಪದ್ಯವನ್ನು ಬಾಯಿಪಾಠವಾಗಿ ಒಪ್ಪಿಸುವುದು ಓದಲ್ಲ. ಪುಟದ ನಡುವಿನ ಯಾವುದೋ ಸಾಲಿಗೆ ಬೆರಳಿಟ್ಟು ಓದಿಸಿದರೆ ತಿಳಿಯುತ್ತದೆ. ನಮ್ಮ ಕಡೆಯ ಶಾಲೆಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಉರ್ದು, ತಮಿಳು ಅಥವಾ ಹಿಂದಿ; ಗಾರ್ಮೆಂಟ್ಸ್‌ಗೂ ಕಾರ್ಖಾನೆಗೂ ಕೆಲಸಕ್ಕೆ ಬಂದವರ ಮಕ್ಕಳು. ಅಂಥ ಮಗು ಮೂರು ವರ್ಷದಲ್ಲಿ ಕನ್ನಡವನ್ನು ಸರಾಗವಾಗಿ ಓದುವಂತೆ ಮಾಡಿದ ಶಾಲೆ ಯಾವ ಮಗುವಿಗೂ ಓದು ಕಲಿಸಬಲ್ಲದು ಎಂಬುದು ನನ್ನ ನಂಬಿಕೆ.

ಶೌಚಾಲಯವನ್ನು ನೋಡದೆ ಹಿಂತಿರುಗಬೇಡಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿದೆಯೇ ಎಂಬುದಕ್ಕಿಂತ, ಚಿಲಕ ಇದೆಯೇ, ನಲ್ಲಿಯಲ್ಲಿ ಆ ಕ್ಷಣ ನೀರು ಬರುತ್ತಿದೆಯೇ, ಬೀಗದ ಕೈ ಯಾರ ಬಳಿ ಇರುತ್ತದೆ, ಯಾರು ಯಾವ ಹಣದಿಂದ ತೊಳೆಸುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು ಮುಖ್ಯ. ಮಕ್ಕಳಿಂದಲೇ ತೊಳೆಸುವ ಶಾಲೆಯನ್ನು ಪಟ್ಟಿಯಿಂದ ಹೊಡೆದುಹಾಕಿ.

ಬಿಸಿಯೂಟದ ವಿಷಯದಲ್ಲಿ ಶಾಲೆಗಳ ನಡುವೆ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಬೆಂಗಳೂರಿನ ಅನೇಕ ಶಾಲೆಗಳಿಗೆ ಕೇಂದ್ರೀಕೃತ ಅಡುಗೆಮನೆಗಳಿಂದ ಊಟ ಬರುತ್ತದೆ, ಕೆಲವು ಕಡೆ ಶಾಲೆಯಲ್ಲೇ ಬೇಯಿಸುತ್ತಾರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇದೆ; ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ 2024ರಿಂದ ವಾರಕ್ಕೆ ಆರು ದಿನ ಎಂದಾಗಿದೆ. ಊಟ ಎಷ್ಟು ಗಂಟೆಗೆ ಬರುತ್ತದೆ, ಶಿಕ್ಷಕರು ಅದನ್ನು ರುಚಿ ನೋಡುತ್ತಾರೆಯೇ ಎಂದು ವಿಚಾರಿಸಿದರೆ ಸಾಕು.

ಮಾಧ್ಯಮದ ಪ್ರಶ್ನೆ

2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ 1ನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದ ಮೇಲೆ, ದಾಖಲಾತಿಯ ಹೊತ್ತಿನಲ್ಲಿ ಪೋಷಕರು ಕೇಳುವ ಮೊದಲ ಮಾತೇ ‘ಇಂಗ್ಲಿಷ್ ಮೀಡಿಯಂ ಇದೆಯಾ’ ಎಂದಾಗಿದೆ. ಇದೆ ಎಂದ ಕೂಡಲೇ ಅಲ್ಲಿಗೇ ನಿಲ್ಲಿಸಬೇಡಿ. ಆ ವಿಭಾಗಕ್ಕೆ ಪಾಠ ಮಾಡುವವರು ಯಾರು, ಕನ್ನಡ ಮಾಧ್ಯಮದ ಅದೇ ಶಿಕ್ಷಕರೇ ಎರಡೂ ವಿಭಾಗಗಳನ್ನು ನೋಡಿಕೊಳ್ಳುತ್ತಾರೆಯೇ, ಈ ವಿಭಾಗ ಈಗ ಯಾವ ತರಗತಿಯವರೆಗೆ ತಲುಪಿದೆ, ಅದು ಮುಗಿದ ಮೇಲೆ ಹತ್ತಿರದ ಯಾವ ಪ್ರೌಢಶಾಲೆಯಲ್ಲಿ ಅದೇ ಮಾಧ್ಯಮ ಮುಂದುವರಿಯುತ್ತದೆ ಎಂದು ಕೇಳಬೇಕು. ಮಾಧ್ಯಮದ ಹೆಸರು ಫಲಕದಲ್ಲಿದ್ದು, ತರಗತಿಯಲ್ಲಿ ಮಕ್ಕಳು ಅರ್ಥವಾಗದ ಪ್ರಶ್ನೋತ್ತರಗಳನ್ನು ಬೋರ್ಡಿನಿಂದ ಇಳಿಸಿಕೊಳ್ಳುತ್ತಿದ್ದರೆ ಅವರಿಗೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿದ್ದು ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಿಕ್ಷಕರಿರುವ ಶಾಲೆ ಅದಕ್ಕಿಂತ ಎಷ್ಟೋ ಮೇಲು ಎಂದು ನಾನು ಹೇಳಿದರೆ ಕೆಲವರು ಒಪ್ಪುವುದಿಲ್ಲ. ಒಪ್ಪದವರು ಎರಡೂ ತರಗತಿಗಳಲ್ಲಿ ಹತ್ತು ಹತ್ತು ನಿಮಿಷ ಕೂತು ಬರಲಿ.

ಎಲ್‌ಕೆಜಿ, ಯುಕೆಜಿ ಇರುವ ಶಾಲೆಯಾದರೆ ಅದು ಸರ್ಕಾರ ಮಂಜೂರು ಮಾಡಿದ್ದೋ, ಅಥವಾ ಎಸ್‌ಡಿಎಂಸಿ ದಾನಿಗಳ ನೆರವಿನಿಂದ ನಡೆಸುತ್ತಿರುವುದೋ ಎಂದು ತಿಳಿದುಕೊಳ್ಳಿ. ಎರಡನೆಯದಾದರೆ ಶಿಕ್ಷಕಿಯ ಸಂಬಳ ವರ್ಷವಿಡೀ ಎಲ್ಲಿಂದ ಬರುತ್ತದೆ, ಪೋಷಕರಿಂದ ಹಣ ಪಡೆಯುತ್ತಾರೆಯೇ, ಪಡೆದರೆ ರಸೀದಿ ಕೊಡುತ್ತಾರೆಯೇ ಎಂಬುದು ಸ್ಪಷ್ಟವಾಗಬೇಕು.

ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ಓದುವ ಬಗೆ

ಪ್ರೌಢಶಾಲೆಗಳನ್ನು ಹೋಲಿಸುವಾಗ ಎಲ್ಲರ ಕೈಗೂ ಮೊದಲು ಸಿಗುವ ಅಂಕಿ ಇದು, ಎಲ್ಲರೂ ತಪ್ಪಾಗಿ ಓದುವ ಅಂಕಿಯೂ ಇದೇ. ಮೊದಲ ತೊಡಕು ವರ್ಷಗಳದ್ದು. ರಾಜ್ಯದ ಒಟ್ಟು ಫಲಿತಾಂಶವೇ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು, ಕೃಪಾಂಕ ಇಲ್ಲದ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 62.34. ಹೀಗಿರುವಾಗ ‘ನಮ್ಮ ಶಾಲೆ 2023ರಲ್ಲಿ ಶೇ 90’ ಎಂಬ ಬ್ಯಾನರನ್ನು, ಪಕ್ಕದ ಶಾಲೆಯ 2025ರ ಶೇ 75ರ ಜೊತೆ ತೂಗುವುದರಲ್ಲಿ ಅರ್ಥವಿಲ್ಲ. ಒಂದೇ ವರ್ಷದ ಫಲಿತಾಂಶಗಳನ್ನು ಹೋಲಿಸಿ, ಅದೂ ಕನಿಷ್ಠ ಮೂರು ವರ್ಷಗಳದ್ದನ್ನು. 2023-24ನೆಯ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಶಾಲೆ ಹೇಳುವ ಅಂಕಿ ಪರೀಕ್ಷೆ-1ರದ್ದೋ ಎಲ್ಲವೂ ಸೇರಿದ್ದೋ ಎಂದು ಕೇಳಿ.

ಎರಡನೆಯ ತೊಡಕು ಮಕ್ಕಳ ಸಂಖ್ಯೆಯದು. 18 ಮಕ್ಕಳಲ್ಲಿ 18 ಮಂದಿ ಪಾಸಾದರೆ ಶೇ 100. 140ರಲ್ಲಿ 105 ಪಾಸಾದರೆ ಶೇ 75. ಹದಿನೆಂಟರ ಶಾಲೆಯಲ್ಲಿ ಇಬ್ಬರು ಎಡವಿದ್ದರೆ ಶೇ 89ಕ್ಕೆ ಬರುತ್ತಿತ್ತು. ಮೂರನೆಯ ತೊಡಕು ಸ್ವಲ್ಪ ಗುಟ್ಟಿನದು: ಹಿಂದಿನ ವರ್ಷ 9ನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ 10ರ ಪರೀಕ್ಷೆಗೆ ಕೂತವರು ಎಷ್ಟು? 60 ಮಕ್ಕಳಿದ್ದ ತರಗತಿಯಿಂದ 45 ಮಂದಿ ಮಾತ್ರ ಪರೀಕ್ಷೆಗೆ ಬಂದಿದ್ದರೆ, ಉಳಿದ 15 ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳದೆ ಫಲಿತಾಂಶವನ್ನು ಮೆಚ್ಚಬಾರದು. ವರ್ಗಾವಣೆ ಪತ್ರ ಪಡೆದು ಊರಿಗೆ ಹೋದವರೂ ಇರುತ್ತಾರೆ. ‘ನೀನು ಕೂರಬೇಡ, ಶಾಲೆಯ ಹೆಸರು ಕೆಡುತ್ತದೆ’ ಎನ್ನಿಸಿಕೊಂಡವರೂ ಇರಬಹುದು. ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರರಲ್ಲಿ ಎಷ್ಟು ಮಂದಿ ಫೇಲಾದರು ಎಂಬುದನ್ನು ಬೇರೆಯಾಗಿ ಕೇಳಿದರೆ ಯಾವ ವಿಷಯದ ಶಿಕ್ಷಕರ ಹುದ್ದೆ ಖಾಲಿ ಇತ್ತು ಎಂಬುದೂ ಹೊರಬರುತ್ತದೆ.

ಕೇಳಿದ ವಿವರ ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಸಲ್ಲಿಸಬಹುದು, 30 ದಿನದಲ್ಲಿ ಉತ್ತರ ಬರಬೇಕು. ಆದರೆ ಮಗುವನ್ನು ಸೇರಿಸಬೇಕಾದ ಶಾಲೆಯೊಡನೆ ಸಂಬಂಧವನ್ನು ಅರ್ಜಿಯಿಂದ ಶುರುಮಾಡುವುದು ನನಗೆ ಹಿತವೆನಿಸುವುದಿಲ್ಲ. ಸಮೂಹ ಸಂಪನ್ಮೂಲ ವ್ಯಕ್ತಿಯನ್ನು, ಶಾಲೆಗಳಲ್ಲಿ ಸಿಆರ್‌ಪಿ ಎಂದೇ ಕರೆಯುವವರನ್ನು, ಕಂಡು ಮಾತಾಡಿದರೆ ಆ ಸುತ್ತಿನ ಹತ್ತಾರು ಶಾಲೆಗಳ ಒಳಹೊರಗು ಅವರಿಗೆ ಗೊತ್ತಿರುತ್ತದೆ.

ದಾರಿ, ಸಮಯ, ಮುಂದಿನ ಶಾಲೆ

ದೂರವನ್ನು ನಕ್ಷೆಯಲ್ಲಿ ಅಳೆಯಬೇಡಿ, ಮಗುವಿನ ಕೈಹಿಡಿದು ಬೆಳಿಗ್ಗೆ ಒಂಬತ್ತೂವರೆಗೆ ನಡೆದು ಅಳೆಯಿರಿ. 400 ಮೀಟರ್ ದೂರದ ಶಾಲೆಗೆ ಮಾಗಡಿ ರಸ್ತೆಯನ್ನೋ ಹೊರವರ್ತುಲ ರಸ್ತೆಯನ್ನೋ ದಾಟಬೇಕಾಗಿದ್ದು, 900 ಮೀಟರಿನ ಶಾಲೆಗೆ ಒಳಗಲ್ಲಿಗಳಲ್ಲೇ ಹೋಗಬಹುದಾಗಿದ್ದರೆ ದೂರದ್ದೇ ಹತ್ತಿರ. ಶಾಲೆ ಬಿಡುವುದು ನಾಲ್ಕೂಕಾಲರ ಆಸುಪಾಸಿಗೆ, ಗಾರ್ಮೆಂಟ್ಸ್ ಬಿಡುವುದು ಐದೂವರೆ ಆರಕ್ಕೆ; ಆ ನಡುವಿನ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಚೆನ್ನಾಗಿ ಕಲಿಸುವ ಶಾಲೆಯನ್ನು ಬಿಟ್ಟವರನ್ನು ನಾನು ಬಲ್ಲೆ, ಮತ್ತು ಅವರು ತಪ್ಪು ಮಾಡಿದರೆಂದು ಹೇಳಲಾರೆ. ಶಾಲೆಯ ಆವರಣದಲ್ಲೇ ಸಂಜೆ ಪಾಠ ನಡೆಸುವ ಸ್ವಯಂಸೇವಾ ಗುಂಪುಗಳು ಕೆಲವು ಕಡೆ ಇವೆ. ಇದ್ದರೆ ಅದು ಆ ಶಾಲೆಗೆ ದೊಡ್ಡ ಅಂಕ.

5ನೆಯ ತರಗತಿಗೆ ಮುಗಿಯುವ ಶಾಲೆಯನ್ನು ಆರಿಸುವುದಾದರೆ ಆರಕ್ಕೆ ಎಲ್ಲಿ ಎಂಬುದನ್ನು ಇಂದೇ ನೋಡಿಡಿ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಸಣ್ಣ ಶಾಲೆಯಾದರೆ, ಪಕ್ಕದ ದೊಡ್ಡ ಶಾಲೆಯೊಡನೆ ಸೇರಿಸುವ ಪ್ರಸ್ತಾವವೇನಾದರೂ ಇದೆಯೇ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕಳೆದ ಮೂರು ವರ್ಷದ 1ನೆಯ ತರಗತಿಯ ದಾಖಲಾತಿಯನ್ನು ಕೇಳಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಎಸ್‌ಡಿಎಂಸಿಯ ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕನೆಯ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಗೋಡೆಯ ಮೇಲೆ ಹೆಸರುಗಳು ಇದ್ದೇ ಇರುತ್ತವೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ಮಗುವನ್ನು ಕರೆದೊಯ್ಯಲು ಬಂದ ಅಮ್ಮಂದಿರನ್ನು ‘ಅಕ್ಕಾ, ಕೊನೆಯ ಸಭೆ ಯಾವಾಗ ಆಯ್ತು, ಏನು ಮಾತಾಡಿದ್ರು’ ಎಂದು ಕೇಳಿ. ಮೂವರಲ್ಲಿ ಒಬ್ಬರಾದರೂ ಏನಾದರೊಂದು ಹೇಳಿದರೆ ಸಮಿತಿ ಉಸಿರಾಡುತ್ತಿದೆ. ಮೇಷ್ಟ್ರು ಹೊಡೆಯುತ್ತಾರೆಯೇ, ಅಡ್ಡಹೆಸರಿಟ್ಟು ಕರೆಯುತ್ತಾರೆಯೇ ಎಂಬ ಪ್ರಶ್ನೆಗೂ ಸರಿಯಾದ ಉತ್ತರ ಸಿಗುವುದು ಗೇಟಿನ ಹೊರಗೇ ಹೊರತು ಒಳಗಲ್ಲ.

ತೀರ್ಮಾನಕ್ಕೆ ಬಂದ ಮೇಲೆ

ಅಂಕಪಟ್ಟಿಯಂತೆ ಪ್ರತಿಯೊಂದಕ್ಕೂ ಹತ್ತಕ್ಕಿಷ್ಟು ಎಂದು ಕೊಟ್ಟು ಕೂಡಿಸುವ ಪದ್ಧತಿ ನನಗೆ ಒಗ್ಗುವುದಿಲ್ಲ, ಏಕೆಂದರೆ ಖಾಲಿ ಇರುವ ಶಿಕ್ಷಕರ ಹುದ್ದೆಯನ್ನು ಒಳ್ಳೆಯ ಆಟದ ಮೈದಾನ ತುಂಬಿಕೊಡಲಾರದು. ನಾನು ಮಾಡುವುದು ಇಷ್ಟೇ: ದಾರಿ ಅಪಾಯದ್ದಾಗಿರುವ, ಶೌಚಾಲಯ ಬಳಸಲಾಗದ, ಹೊಡೆಯುವ ಶಾಲೆಗಳನ್ನು ಮೊದಲು ತೆಗೆದುಹಾಕುತ್ತೇನೆ, ಉಳಿದವುಗಳಲ್ಲಿ ತರಗತಿಗೆ ತಕ್ಕಷ್ಟು ಶಿಕ್ಷಕರಿದ್ದು ನೋಟ್‌ಪುಸ್ತಕ ತಿದ್ದುವ ಶಾಲೆಯನ್ನು ಆರಿಸುತ್ತೇನೆ, ಎರಡು ಸಮವಾಗಿ ನಿಂತರೆ ಹೆಚ್ಚಿನ ತರಗತಿಯವರೆಗೆ ಓದಬಹುದಾದದ್ದಕ್ಕೆ ಒಲವು ತೋರುತ್ತೇನೆ. ಕಿರಿಯ ಮಗನನ್ನು ಸೇರಿಸಿದ್ದು ಹಂಚಿನ ಕಟ್ಟಡದ ಶಾಲೆಗೆ.

ದಾಖಲಾತಿಗೆ ಜನನ ಪ್ರಮಾಣಪತ್ರ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಫೋಟೊಗಳನ್ನು ಕೇಳುತ್ತಾರೆ. ಆದರೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಮಗುವಿಗೂ ಪೋಷಕರಿಗೂ ಪರೀಕ್ಷೆಯೋ ಸಂದರ್ಶನವೋ ಮಾಡುವಂತಿಲ್ಲ. 1ನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದೆ. 2025-26ನೆಯ ಸಾಲಿನಲ್ಲಿ 5 ವರ್ಷ 5 ತಿಂಗಳು ತುಂಬಿದವರಿಗೂ ಅವಕಾಶ ಕೊಟ್ಟಿದ್ದರಿಂದ, ನೀವು ಸೇರಿಸುವ ವರ್ಷದ ಆದೇಶವನ್ನು ಮುಖ್ಯ ಶಿಕ್ಷಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ದಾಖಲಾತಿಯಾದ ಮೇಲೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು, ಅಂದರೆ ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ, ಆ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನಾಂಕ, ತಾಯಿಯ ಹೆಸರು ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಅಕ್ಷರ ತಪ್ಪಿದ್ದರೆ ಆ ವಾರವೇ ತಿದ್ದಿಸುವುದು ಸುಲಭ, ಹತ್ತನೆಯ ತರಗತಿಯ ಹೊತ್ತಿಗೆ ಅದೇ ಕೆಲಸ ತಿಂಗಳುಗಟ್ಟಲೆ ಓಡಾಟವಾಗುತ್ತದೆ.

ಸೇರಿಸಿದ ಶಾಲೆ ಸರಿಬರಲಿಲ್ಲವೆಂದರೆ ಬದಲಾಯಿಸಲು ಸಂಕೋಚ ಬೇಡ. ವರ್ಗಾವಣೆ ಪತ್ರವನ್ನು ಕೂಡಲೇ ಕೊಡುವುದು ಹಳೆಯ ಶಾಲೆಯ ಮುಖ್ಯ ಶಿಕ್ಷಕರ ಹೊಣೆ, ಮತ್ತು ಅದು ತಡವಾಯಿತೆಂದು ಹೊಸ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ಬದಲಾಯಿಸುವ ಮೊದಲು ಅಕ್ಟೋಬರಿನ ರಜೆಯವರೆಗೆ ಕಾಯಿರಿ. ಜೂನ್-ಜುಲೈನ ಗೊಂದಲದಲ್ಲಿ ಯಾವ ಶಾಲೆಯೂ ತನ್ನ ನಿಜರೂಪದಲ್ಲಿರುವುದಿಲ್ಲ, ಮತ್ತು ಅತಿಥಿ ಶಿಕ್ಷಕರು ಬಂದು ವೇಳಾಪಟ್ಟಿ ನೆಲೆಗೊಂಡ ಮೇಲೆ ಅದೇ ನೋಟ್‌ಪುಸ್ತಕದಲ್ಲಿ ಕೆಂಪು ಶಾಯಿ ಕಾಣತೊಡಗಬಹುದು.